ಅಮ್ಮ ಕಿಡ್ನಿ ಕೊಟ್ಟು 9 ವರ್ಷ ಆಯ್ತು, ಈಗ ರಿಪೋರ್ಟಲ್ಲಿ ಸ್ಟೇಜ್ 3 ಅಂತ ಬಂದಿದೆ

ತೆಂಗಿನತೋಟ:
ಎಲ್ರಿಗೂ ನಮಸ್ಕಾರ. 2016ರಲ್ಲಿ ನಮ್ಮಮ್ಮ ಅಪ್ಪಂಗೆ ಕಿಡ್ನಿ ಕೊಟ್ರು, ಆಗ ಅಮ್ಮಂಗೆ 49. ಅಪ್ಪ ಆರಾಮಾಗಿದಾರೆ, ದಿನಾ ತೋಟಕ್ಕೆ ಹೋಗ್ತಾರೆ, ಮೂರು ತಿಂಗಳಿಗೊಂದ್ಸಲ ತಿಪಟೂರಿಂದ ಬೆಂಗಳೂರಿಗೆ ಚೆಕಪ್‌ಗೆ ಕರ್ಕೊಂಡೋಗ್ತೀವಿ. ಅಮ್ಮನ್ನ ಮೊದಲನೇ ವರ್ಷ ಎರಡು ಸಲ ನೋಡಿದ್ರು ಅಷ್ಟೇ, ಆಮೇಲೆ ಆಸ್ಪತ್ರೆಯೋರೂ ಕರೀಲಿಲ್ಲ ನಾವೂ ಹೋಗ್ಲಿಲ್ಲ. ಹೋದ ವಾರ ಸುಸ್ತು ಸುಸ್ತು ಅಂತಿದ್ರು, ಇಲ್ಲೇ ಲ್ಯಾಬಲ್ಲಿ ರಕ್ತ ಕೊಟ್ರೆ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಗೆ ಹಾಕ್ಬೇಕಾದ ರಕ್ತದ ಕಸ) 1.2, ಇ-ಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸ್ತಿದೆ ಅನ್ನೋ ಲೆಕ್ಕ) 52, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಸಿಕೆಡಿ, ಅಂದ್ರೆ ದೀರ್ಘಕಾಲದ ಕಿಡ್ನಿ ಕಾಯಿಲೆ, ಸ್ಟೇಜ್ 3 ಅಂತ ಬಂದಿದೆ. ಉಳಿದಿರೋ ಒಂದು ಕಿಡ್ನಿನೂ ಹೋಗ್ತಾ ಇದ್ಯಾ? ರಾತ್ರಿ ನಿದ್ದೆ ಇಲ್ಲ. ಅಮ್ಮಂಗೆ ಇನ್ನೂ ಹೇಳಿಲ್ಲ.

ಒಂಟಿಕಿಡ್ನಿ:
ಮೊದ್ಲು ಸಮಾಧಾನ ಮಾಡ್ಕೊಳ್ಳಿ. ನಾನು ತಮ್ಮಂಗೆ ಕೊಟ್ಟು 13 ವರ್ಷ ಆಯ್ತು, ನನ್ ರಿಪೋರ್ಟಲ್ಲೂ ವರ್ಷಾ ವರ್ಷಾ ಹಂಗೇ ಬರುತ್ತೆ, ಮೊದಲನೇ ಸಲ ನೋಡ್ದಾಗ ನಾನೂ ಬೆವತಿದ್ದೆ. ನೀವು ಆಪರೇಷನ್ ಆದಾಗಿನ ಡಿಸ್ಚಾರ್ಜ್ ಪೇಪರ್ ಹುಡುಕಿ, ಅದ್ರಲ್ಲಿ ಕ್ರಿಯಾಟಿನಿನ್ ಎಷ್ಟಿತ್ತು ಅಂತ ನೋಡಿ. ಅಲ್ಲಿಂದ ಇಲ್ಲಿಗೆ ಎಷ್ಟು ಏರಿದೆ ಅನ್ನೋದು ಮುಖ್ಯ, ಬರೀ 52 ಅನ್ನೋದನ್ನ ಇಟ್ಕೊಂಡು ಏನೂ ಹೇಳಕ್ಕಾಗಲ್ಲ.

ಮಜ್ಜಿಗೆಹುಳಿ:
ಬಾರ್ಲಿ ನೀರು ದಿನಾ 5 ಲೀಟರ್ ಕುಡಿಸಿ ಸರ್, ಜೊತೆಗೆ ನೆಗ್ಗಿಲಮುಳ್ಳು ಕಷಾಯ. ನಮ್ ಕಡೆ ಒಬ್ರಿಗೆ ಪೂರ್ತಿ ವಾಸಿ ಆಯ್ತು.

ಡಯಾಲಿಸಿಸ್_ರೂಮಿಂದ:
ದಯವಿಟ್ಟು ಕಷಾಯ ಬೇಡ, ಏನೇನು ಸೇರಿಸಿರ್ತಾರೋ ದೇವರಿಗೇ ಗೊತ್ತು. ನೀರು ಬಾಯಾರಿದಷ್ಟು ಕುಡಿದ್ರೆ ಸಾಕು.

ನಾನು ಟೆಕ್ನಿಷಿಯನ್, ಡಾಕ್ಟರಲ್ಲ, ಆದ್ರೆ ಇದನ್ನ ದಿನಾ ನೋಡ್ತೀನಿ. ಒಂದು ಕಿಡ್ನಿ ತೆಗೆದ ತಕ್ಷಣ ಶಕ್ತಿ ಅರ್ಧಕ್ಕೆ ಇಳಿಯುತ್ತೆ, ಆಮೇಲೆ ಉಳಿದಿದ್ದು ಸ್ವಲ್ಪ ದಪ್ಪ ಆಗಿ ಹೆಚ್ಚು ಕೆಲ್ಸ ಮಾಡಿ ಮೊದಲಿದ್ದಿದ್ರ 65-70 ಪರ್ಸೆಂಟ್‌ವರೆಗೆ ತರುತ್ತೆ. ಇ-ಜಿಎಫ್‌ಆರ್ 90 ಇದ್ದೋರು 60ರ ಹತ್ರ ನಿಲ್ತಾರೆ, ಅದ್ರ ಮೇಲೆ ವಯಸ್ಸಿನ ಇಳಿತ. ಲ್ಯಾಬ್ ಕಂಪ್ಯೂಟರ್‌ಗೆ ನಿಮ್ಮಮ್ಮ ಕೊಟ್ಟಿದಾರೆ ಅಂತ ಗೊತ್ತಿಲ್ವಲ್ಲ, 60ಕ್ಕಿಂತ ಕಮ್ಮಿ ಕಂಡ್ರೆ ಸ್ಟೇಜ್ 3 ಅಂತ ಹೊಡೆಯುತ್ತೆ. ಶುಗರ್‌ನಿಂದ ಕಿಡ್ನಿ ಹಾಳಾಗಿ 52ಕ್ಕೆ ಬಂದೋರೂ ಇವರೂ ಒಂದೇ ಅಲ್ಲ.

ಹಂಗಂತ ಏನೂ ಆಗಲ್ಲ ಅಂತಾನೂ ಅನ್ಬೇಡಿ. 2014ರಲ್ಲಿ ಅಮೆರಿಕದಲ್ಲಿ 96 ಸಾವಿರ ದಾನಿಗಳ ಲೆಕ್ಕ ತೆಗೆದಾಗ 15 ವರ್ಷದೊಳಗೆ ಕಿಡ್ನಿ ಫೇಲ್ ಆದೋರು 10 ಸಾವಿರಕ್ಕೆ 31, ಅಷ್ಟೇ ಗಟ್ಟಿಮುಟ್ಟಾಗಿದ್ದು ಕೊಡದೇ ಇದ್ದೋರಲ್ಲಿ 4. ರಿಸ್ಕ್ ಇದೆ, ಆದ್ರೆ ತೀರಾ ಸಣ್ಣದು. ಅದನ್ನ ದೊಡ್ಡದು ಮಾಡೋದು ಬಿಪಿ, ಶುಗರ್, ತೂಕ. ಯೂರಿನ್‌ನಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಹೋಗ್ತಿದ್ಯಾ ಅಂತ ಎಸಿಆರ್ ಟೆಸ್ಟ್ ಮಾಡ್ಸಿ, ಬಿಪಿ ನೋಡ್ಸಿ. ಮಂಡಿ ನೋವು ಇದ್ಯಾ? ಏನ್ ಮಾತ್ರೆ ತಗೋತಾರೆ ಅಂತ ಕೇಳಿ.

ಸಂಪಿಗೆ_ಮರ:
ಮಧ್ಯದಲ್ಲಿ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಾನು ಅಣ್ಣಂಗೆ ಕೊಡ್ಬೇಕು ಅಂತಿದೀನಿ, 27 ವರ್ಷ, ಮದ್ವೆ ಆಗಿಲ್ಲ. ಮುಂದೆ ಮಕ್ಳಾಗೋದು ಕಷ್ಟ ಅಂತ ಅತ್ತೆ ಹೆದರಿಸ್ತಿದಾರೆ.

ಡಯಾಲಿಸಿಸ್_ರೂಮಿಂದ:
ಮಕ್ಳಾಗಲ್ಲ ಅನ್ನೋದು ಸುಳ್ಳಮ್ಮ. ಬಸುರಿ ಆದಾಗ ಬಿಪಿ ಏರೋದು ಮಾತ್ರ ಜಾಸ್ತಿ, ಕೆನಡಾದಲ್ಲಿ 2015ರಲ್ಲಿ ನೋಡಿದ ಪ್ರಕಾರ ಕೊಟ್ಟೋರಲ್ಲಿ 11 ಪರ್ಸೆಂಟ್, ಕೊಡದೇ ಇದ್ದೋರಲ್ಲಿ 5. ಕೊಟ್ಟೋರಲ್ಲೂ ಹೆಚ್ಚಿನೋರಿಗೆ ತೊಂದ್ರೆ ಇಲ್ದೆ ಹೆರಿಗೆ ಆಗಿದೆ. ಇದನ್ನ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟ್ರು) ಹತ್ರ ಬಾಯ್ಬಿಟ್ಟು ಕೇಳಿ. ಇನ್ನೊಂದು, ನಿಮ್ಗೆ ಮನಸ್ಸಿಲ್ಲ ಅಂದ್ರೆ ಬೇಡ ಅನ್ನೋ ಹಕ್ಕು ನಿಮ್ಗಿದೆ. ನಮ್ ದೇಶದಲ್ಲಿ ಬದುಕಿದ್ದಾಗ್ಲೇ ಕಿಡ್ನಿ ಕೊಡೋರು ಹೆಚ್ಚಿಗೆ ಅಮ್ಮ, ಹೆಂಡ್ತಿ, ಅಕ್ಕ ತಂಗಿಯರೇ, ಅವ್ರಲ್ಲಿ ಎಷ್ಟು ಜನಕ್ಕೆ ಬಾಯ್ಬಿಟ್ಟು ಕೇಳಿರ್ತಾರೋ.

ಒಂಟಿಕಿಡ್ನಿ:
ನನ್ ಹೆಂಡ್ತಿ ಇದನ್ನ ಓದಿ "ನಿಮ್ಮನ್ನ ಕೇಳಿದ್ರು, ನನ್ನ ಯಾರೂ ಕೇಳ್ಲಿಲ್ಲ" ಅಂದ್ಳು. ಆ ಜಗಳ ಇವತ್ತಿಗೂ ಮುಗಿದಿಲ್ಲ ಬಿಡಿ.

ತೆಂಗಿನತೋಟ:
ಎಲ್ರಿಗೂ ಥ್ಯಾಂಕ್ಸ್. ಡಿಸ್ಚಾರ್ಜ್ ಪೇಪರ್ ಸಿಕ್ತು, ಅವತ್ತು 1.1 ಇತ್ತಂತೆ, ಅಂದ್ರೆ 9 ವರ್ಷಕ್ಕೆ ಏರಿರೋದು ಬರೀ 0.1. ಯೂರಿನ್ ಎಸಿಆರ್ 14, ನಾರ್ಮಲ್ ಅಂದ್ರು. ಹಿಮೋಗ್ಲೋಬಿನ್ ಮಾತ್ರ 9.6, ಸುಸ್ತಿಗೆ ಅದೇ ಕಾರಣ ಇರ್ಬೋದು ಅಂತ ಡಾಕ್ಟ್ರು.

ಮಾತ್ರೆ ವಿಷ್ಯ ಕೇಳಿದ್ದು ಒಳ್ಳೇದಾಯ್ತು. ಸಾಸಿವೆ ಡಬ್ಬದ ಹಿಂದೆ ಡೈಕ್ಲೋಫೆನಾಕ್ ಸ್ಟ್ರಿಪ್ ಸಿಕ್ತು, ಮಂಡಿ ನೋವಿಗೆ ಅಂತ ಎರಡು ವರ್ಷದಿಂದ ಮೆಡಿಕಲ್ ಶಾಪಲ್ಲಿ ಕೇಳಿ ತಗೋತಿದ್ರಂತೆ, ಒಂದು ಕಿಡ್ನಿ ಇರೋರು ಆ ತರದ ನೋವಿನ ಮಾತ್ರೆ ಮುಟ್ಟಲೇಬಾರ್ದು ಅಂತ ಯಾರೂ ಅವರಿಗೆ ಹೇಳೇ ಇರ್ಲಿಲ್ಲ, ನಮಗೂ ಗೊತ್ತಿರ್ಲಿಲ್ಲ. ಡಾಕ್ಟ್ರು ಅವತ್ತೇ ನಿಲ್ಲಿಸಿದ್ರು. ಬಿಪಿ 148/92 ಇತ್ತು, ಒಂದು ವಾರ ಮನೇಲಿ ಬರೆದಿಟ್ಕೊಂಡು ಬನ್ನಿ ಅಂದಿದಾರೆ.

ಬಿಪಿ ಮಿಷಿನ್ ತರೋಕೆ ಹೊರಟಿದ್ದೆ. ಆಗ ನೆನಪಾಯ್ತು, ಮನೇಲಿ ಇದೆ, 9 ವರ್ಷದಿಂದ ದಿನಾ ಬೆಳಿಗ್ಗೆ ಅಪ್ಪನ ತೋಳಿಗೆ ಕಟ್ಟಿ ಬರ್ಕೋತಾ ಇರೋದು ಅಮ್ಮನೇ. ಆ ನೋಟ್‌ಬುಕ್ಕಲ್ಲಿ ಇವತ್ತು ಅಪ್ಪ ಸ್ಕೇಲ್ ಇಟ್ಟು ಇನ್ನೊಂದು ಕಾಲಂ ಎಳೆದ್ರು.