ಧ್ವನಿಮುದ್ರಣವನ್ನು ಹಳಿದ ಸೂಸಾ ಅವರ ಸಂಗೀತ ಮುದ್ರಿಕೆಗಳ ಮೂಲಕವೇ ಹರಡಿದ್ದು ಹೇಗೆ?

ಪ್ರಶ್ನೆ: ಶ್ರೋತೃ

ಅಮೆರಿಕದ ಸಂಗೀತ ಸಂಯೋಜಕ ಹಾಗೂ ಬ್ಯಾಂಡ್ ನಿರ್ದೇಶಕ ಜಾನ್ ಫಿಲಿಪ್ ಸೂಸಾ (1854–1932) ಅವರ ಬಗ್ಗೆ ಓದುತ್ತಿರುವಾಗ ಒಂದು ಸಂಶಯ ಮೂಡಿತು. 1906ರಲ್ಲಿ ಅವರು ಯಾಂತ್ರಿಕ ಸಂಗೀತದ ಅಪಾಯವನ್ನು ಕುರಿತು ಕಟುವಾದ ಲೇಖನ ಬರೆದರು. ಅದೇ ವರ್ಷ ಅಮೆರಿಕದ ಸಂಸದೀಯ ಸಮಿತಿಯೆದುರು ಹಾಜರಾಗಿ, ಫೋನೋಗ್ರಾಫಿನಂಥ ಯಂತ್ರಗಳು ಜನರ ಹಾಡುವ ಅಭ್ಯಾಸವನ್ನೇ ಅಳಿಸಿಹಾಕುತ್ತವೆ ಎಂದು ವಾದಿಸಿದರು. ಆದರೆ ಅಷ್ಟರಲ್ಲಾಗಲೇ ಅವರದೇ ಬ್ಯಾಂಡಿನ ನೂರಾರು ಮುದ್ರಿಕೆಗಳು ಮಾರುಕಟ್ಟೆಯಲ್ಲಿದ್ದವು. ಇದನ್ನು ಇಬ್ಬಂದಿತನ ಎನ್ನಬೇಕೇ? ಅವರ ಆಕ್ಷೇಪ ಕಲೆಗೆ ಸಂಬಂಧಿಸಿದ್ದೋ, ಹಣಕ್ಕೆ ಸಂಬಂಧಿಸಿದ್ದೋ? ವಿಷಯ ಬಲ್ಲವರು ಅವರ ವೃತ್ತಿಜೀವನದ ಹಿನ್ನೆಲೆಯಲ್ಲಿ ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ ತಟ್ಟೆ

ಹಣದ ಪ್ರಶ್ನೆಯೇ ಮುಖ್ಯವಾಗಿತ್ತೆಂದು ನಾನು ಭಾವಿಸುತ್ತೇನೆ, ಮತ್ತು ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಸೂಸಾ ಹುಟ್ಟಿದ್ದು ವಾಷಿಂಗ್ಟನ್‌ನಲ್ಲಿ. ತಂದೆ ಅಲ್ಲಿನ ಮರೀನ್ ಬ್ಯಾಂಡಿನಲ್ಲಿ, ಅಂದರೆ ಅಮೆರಿಕದ ಅಧ್ಯಕ್ಷರ ಸಮಾರಂಭಗಳಲ್ಲಿ ನುಡಿಸುವ ಸೇನಾ ವಾದ್ಯವೃಂದದಲ್ಲಿ, ಟ್ರಂಬೋನ್ ನುಡಿಸುತ್ತಿದ್ದರು. ಹದಿಮೂರರ ಹುಡುಗ ಸರ್ಕಸ್ ಬ್ಯಾಂಡೊಂದರ ಜೊತೆ ಓಡಿಹೋಗಲು ಹವಣಿಸುತ್ತಿದ್ದಾನೆಂದು ತಿಳಿದ ತಂದೆ, 1868ರಲ್ಲಿ ಅವನನ್ನು ಅದೇ ಮರೀನ್ ಬ್ಯಾಂಡಿಗೆ ಕಲಿಕಾರ್ಥಿಯಾಗಿ ಸೇರಿಸಿಬಿಟ್ಟರು. ಮುಂದೆ ನಾಟಕಶಾಲೆಗಳ ವಾದ್ಯವೃಂದಗಳಲ್ಲಿ ಪಿಟೀಲು ನುಡಿಸಿ, ನಿರ್ದೇಶನವನ್ನೂ ಕಲಿತು, 1880ರಲ್ಲಿ, ಇನ್ನೂ ಇಪ್ಪತ್ತೈದರ ಹರೆಯದಲ್ಲಿ, ಅವರು ಆ ಬ್ಯಾಂಡಿನ ನಾಯಕರಾಗಿಯೇ ಮರಳಿದರು. ಹನ್ನೆರಡು ವರ್ಷಗಳ ಆ ಅವಧಿಯಲ್ಲಿ ಐವರು ಅಧ್ಯಕ್ಷರು ಬಂದುಹೋದರು.

ಈಗ ಹಣದ ವಿಚಾರಕ್ಕೆ ಬರೋಣ. 1889ರಲ್ಲಿ ಪತ್ರಿಕೆಯೊಂದರ ಪ್ರಬಂಧ ಸ್ಪರ್ಧೆಯ ಬಹುಮಾನ ಸಮಾರಂಭಕ್ಕಾಗಿ ಅವರು ರಚಿಸಿದ 'ದಿ ವಾಷಿಂಗ್ಟನ್ ಪೋಸ್ಟ್' ಮಾರ್ಚ್ (ಹೆಜ್ಜೆ ಹಾಕುವ ಲಯದ ಬ್ಯಾಂಡ್ ಕೃತಿ), ಆಗ ತಾನೇ ಹಬ್ಬುತ್ತಿದ್ದ ಟೂ-ಸ್ಟೆಪ್ ನೃತ್ಯಕ್ಕೆ ಹೇಳಿಮಾಡಿಸಿದಂತೆ ಒದಗಿ, ಅಟ್ಲಾಂಟಿಕ್ಕಿನ ಎರಡೂ ದಡಗಳಲ್ಲಿ ಮೆರೆಯಿತು. ಸಂಯೋಜಕರ ಕೈಸೇರಿದ್ದು ಮಾತ್ರ 35 ಡಾಲರ್, ಏಕೆಂದರೆ ಅದರ ಹಕ್ಕನ್ನು ಪ್ರಕಾಶಕರಿಗೆ ಒಂದೇ ಕಂತಿನಲ್ಲಿ ಮಾರಿಬಿಟ್ಟಿದ್ದರು. ಒಮ್ಮೆ ಹೀಗೆ ಕಳೆದುಕೊಂಡವರು ಮತ್ತೆ ಕಳೆದುಕೊಳ್ಳಲು ಸಿದ್ಧರಿರುವುದಿಲ್ಲ. 1892ರಲ್ಲಿ ಸರ್ಕಾರಿ ಕೆಲಸ ಬಿಟ್ಟು ಸ್ವಂತ ಬ್ಯಾಂಡ್ ಕಟ್ಟಿದ ಮೇಲೆ ಅವರು ಪ್ರತಿಯೊಂದು ಪ್ರತಿಗೂ ಗೌರವಧನ ಸಿಗುವ ಒಪ್ಪಂದ ಮಾಡಿಕೊಂಡರು. ಆದರೆ ಮುದ್ರಿತ ಸ್ವರಲಿಪಿಗೆ ಸಿಗುತ್ತಿದ್ದ ಈ ರಕ್ಷಣೆ ಪಿಯಾನೊ ಸುರುಳಿಗಳಿಗೂ (ಪಿಯಾನೊವನ್ನು ತಾನಾಗಿ ನುಡಿಸುವ, ರಂಧ್ರಗಳಿರುವ ಕಾಗದದ ಸುರುಳಿಗಳು) ಮುದ್ರಿಕೆಗಳಿಗೂ ಇರಲಿಲ್ಲ. ಮನುಷ್ಯರು ಕಣ್ಣಿನಿಂದ ಓದಲಾಗದ ಸುರುಳಿಯು 'ಪ್ರತಿ' ಎನಿಸದು ಎಂದು 1908ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಸೂಸಾ ಮತ್ತು ಸಂಯೋಜಕ ವಿಕ್ಟರ್ ಹರ್ಬರ್ಟ್ ಮೊದಲಾದವರು ಹೇರಿದ ಒತ್ತಡವೂ ಕಾರಣವಾಗಿ, 1909ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರತಿ ಸುರುಳಿಗೆ ಅಥವಾ ಮುದ್ರಿಕೆಗೆ ಎರಡು ಸೆಂಟ್ ಕೊಡಬೇಕೆಂಬ ನಿಯಮ ಬಂತು.

ಇನ್ನೊಂದು ಪ್ರಸಂಗ ಹೆಚ್ಚು ಜನರಿಗೆ ತಿಳಿದಿಲ್ಲ. 1917ರಲ್ಲಿ, ಉಪಾಹಾರಗೃಹವೊಂದು ತಮ್ಮ ಸಂಗೀತವನ್ನು ಬಳಸಿದ್ದರ ವಿರುದ್ಧ ಹರ್ಬರ್ಟ್ ಹೂಡಿದ್ದ ಮೊಕದ್ದಮೆಯ ಜೊತೆಗೇ ತೀರ್ಮಾನವಾದ ಮತ್ತೊಂದು ಮೊಕದ್ದಮೆ, ನ್ಯೂಯಾರ್ಕಿನ ಹೋಟೆಲೊಂದು ಸೂಸಾ ಅವರ ಮಾರ್ಚೊಂದನ್ನು ಅನುಮತಿಯಿಲ್ಲದೆ ಊಟದ ಕೋಣೆಯಲ್ಲಿ ನುಡಿಸಿದ್ದಕ್ಕೆ ಸಂಬಂಧಿಸಿದ್ದು. ಸಂಗೀತಕ್ಕೆ ಪ್ರತ್ಯೇಕ ಟಿಕೆಟ್ ಇಲ್ಲದಿದ್ದರೂ ಗಿರಾಕಿ ಅದರ ಬೆಲೆಯನ್ನೂ ಸೇರಿಸಿಯೇ ತೆರುತ್ತಾನೆ, ಲಾಭವಿಲ್ಲದಿದ್ದರೆ ಹೋಟೆಲಿನವರು ನುಡಿಸುತ್ತಲೇ ಇರಲಿಲ್ಲ ಎಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೋಮ್ಸ್ ಅಭಿಪ್ರಾಯಪಟ್ಟರು.

ಉತ್ತರ: ಮಂದ್ರಸ್ಥಾಯಿ

ಮೇಲಿನ ವಿವರಗಳನ್ನು ಒಪ್ಪುತ್ತೇನೆ, ತೀರ್ಮಾನವನ್ನು ಪೂರ್ತಿಯಾಗಿ ಒಪ್ಪಲಾರೆ. ಹಣವೊಂದೇ ಕಾರಣವಾಗಿದ್ದರೆ 1909ರ ಕಾಯ್ದೆಯ ನಂತರ ಅವರು ಧ್ವನಿಮುದ್ರಣ ಕೊಠಡಿಗೆ ಸಂತೋಷದಿಂದ ಹೋಗಬೇಕಿತ್ತು. ಅವರು ಹೋದದ್ದು ಅಪರೂಪ. ಅವರ ಬ್ಯಾಂಡಿನ ಹೆಸರಿನಲ್ಲಿ ಹೊರಬಂದ ಮುದ್ರಿಕೆಗಳಲ್ಲಿ ಹೆಚ್ಚಿನವನ್ನು ನಿರ್ದೇಶಿಸಿದವರು ಟ್ರಂಬೋನ್ ವಾದಕ ಆರ್ಥರ್ ಪ್ರಯರ್ ಮತ್ತಿತರರು. ಸೂಸಾ ಸ್ವತಃ ನಿರ್ದೇಶಿಸಿದವು ತೀರಾ ಕಡಿಮೆ. ರೇಡಿಯೊ ಪ್ರಸಾರಕ್ಕೆ ಅವರು ಒಪ್ಪಿದ್ದು 1929ರಲ್ಲಿ, ಎಪ್ಪತ್ತು ದಾಟಿದ ಮೇಲೆ.

ಅವರ ಇಡೀ ವೃತ್ತಿ ಎದುರಿಗೆ ಕುಳಿತ ಶ್ರೋತೃಗಳನ್ನೇ ನಂಬಿತ್ತು. ಸುಮಾರು ನಾಲ್ಕು ದಶಕಗಳ ಕಾಲ ರೈಲು ಹತ್ತಿ ಊರೂರು ಸುತ್ತಿದ ಆ ಬ್ಯಾಂಡ್ 1900ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ನುಡಿಸಿತು, 1910–11ರಲ್ಲಿ ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳನ್ನೂ ಒಳಗೊಂಡ ವಿಶ್ವಪರ್ಯಟನೆ ನಡೆಸಿತು. ಅವರ ಕಾರ್ಯಕ್ರಮದ ಕ್ರಮವೇ ವಿಶಿಷ್ಟವಾಗಿತ್ತು. ಜರ್ಮನ್ ಸಂಯೋಜಕ ವಾಗ್ನರ್ ಕೃತಿಯ ಒಂದು ಭಾಗ ಮುಗಿದು ಚಪ್ಪಾಳೆ ಇನ್ನೂ ನಿಲ್ಲುವ ಮೊದಲೇ, ಯಾರೂ ಕೇಳುವ ಅಗತ್ಯವಿಲ್ಲದಂತೆ, ಜನಪ್ರಿಯ ಮಾರ್ಚೊಂದು ಶುರುವಾಗಿಬಿಡುತ್ತಿತ್ತು; ಶಾಸ್ತ್ರೀಯವನ್ನು ಕೇಳಿಸಲು ಜನಪ್ರಿಯದ ಆಸೆ ತೋರಿಸುವುದು ಅವರ ಜಾಣ್ಮೆ. ಸಭೆಯ ಮುಖ ನೋಡಿ ಮುಂದಿನದನ್ನು ನಿರ್ಧರಿಸುವ ನಿರ್ದೇಶಕನಿಗೆ ಆಗಿನ ಧ್ವನಿಮುದ್ರಣ ಯಂತ್ರದ ತುತ್ತೂರಿಯಂಥ ಕೊಳವೆಯ ಮುಂದೆ ನಿಂತು ನುಡಿಸುವುದು ರುಚಿಸದಿದ್ದರೆ ಅದನ್ನು ಇಬ್ಬಂದಿತನ ಎನ್ನಲಾಗದು.

ಆದರೂ, ಹಾಡದೆ ಹೋದರೆ ಮನುಷ್ಯರ ಧ್ವನಿತಂತುಗಳೇ ಬಾಲದಂತೆ ಉದುರಿಹೋಗುತ್ತವೆ ಎಂಬರ್ಥದ ಅವರ ಮಾತು ಅತಿರೇಕದ್ದು ಎಂಬುದನ್ನು ಒಪ್ಪಲೇಬೇಕು.

ಉತ್ತರ: ಕ್ಲಾರಿನೆಟ್

ಬ್ಯಾಂಡಿನಲ್ಲಿ ನುಡಿಸುವವರ ದೃಷ್ಟಿಯಿಂದ ಒಂದು ಮಾತನ್ನು ಸೇರಿಸಬಯಸುತ್ತೇನೆ. ಸೂಸಾ ತಮ್ಮ ಮಾರ್ಚ್‌ಗಳನ್ನು ಅಚ್ಚಿನಲ್ಲಿರುವಂತೆಯೇ ನುಡಿಸುತ್ತಿರಲಿಲ್ಲ. ಒಂದು ಭಾಗವನ್ನು ಮೊದಲ ಸಲ ಹಿತ್ತಾಳೆ ವಾದ್ಯಗಳಿಲ್ಲದೆ ಮೆಲ್ಲಗೆ ನುಡಿಸಿ, ಪುನರಾವರ್ತನೆಯಲ್ಲಿ ಎಲ್ಲ ವಾದ್ಯಗಳನ್ನೂ ಕೂಡಿಸುವುದು, ಅಚ್ಚಿನಲ್ಲಿಲ್ಲದ ಕಡೆ ಡ್ರಮ್ಮಿಗೆ ಒತ್ತು ಕೊಡುವುದು, ಇಂಥವೆಲ್ಲ ಅವರ ವಾದಕರ ನೆನಪಿನಲ್ಲಷ್ಟೇ ಇದ್ದವು. 1896ರ ಕೊನೆಯಲ್ಲಿ, ತಮ್ಮ ವ್ಯವಸ್ಥಾಪಕ ಬ್ಲೇಕ್ಲಿ ತೀರಿಕೊಂಡ ಸುದ್ದಿ ತಿಳಿದು ಯುರೋಪಿನಿಂದ ಹಡಗಿನಲ್ಲಿ ಮರಳುವಾಗ ಮನಸ್ಸಿನಲ್ಲೇ ಕಟ್ಟಿದ 'ದಿ ಸ್ಟಾರ್ಸ್ ಆ್ಯಂಡ್ ಸ್ಟ್ರೈಪ್ಸ್ ಫಾರೆವರ್' ಕೃತಿಯನ್ನೇ ನೋಡಿ: ಕೊನೆಯ ಸುತ್ತಿನಲ್ಲಿ ಪಿಕ್ಕೊಲೊ, ಕಾರ್ನೆಟ್, ಟ್ರಂಬೋನ್ ವಾದಕರು ವೇದಿಕೆಯ ಮುಂಭಾಗಕ್ಕೆ ಬಂದು ಸಾಲಾಗಿ ನಿಲ್ಲುತ್ತಿದ್ದರು. ಇದು ಕಣ್ಣಿಗೂ ಸೇರಿದ ಸಂಗೀತ. ಆಗಿನ ಧ್ವನಿಮುದ್ರಣದ ತಟ್ಟೆಯಲ್ಲಿ ಅದರ ಅರ್ಧವೂ ಹಿಡಿಯುತ್ತಿರಲಿಲ್ಲ. ಅವರ ಹೆಸರಿನ ಮಂದ್ರಸ್ವರದ ದೊಡ್ಡ ಹಿತ್ತಾಳೆ ವಾದ್ಯ ಸೂಸಾಫೋನ್ ಹುಟ್ಟಿದ್ದು ಕೂಡ ಸಭಾಂಗಣದ ಅಗತ್ಯದಿಂದಲೇ, ಏಕೆಂದರೆ ಮಂದ್ರದ ನಾದ ಇಡೀ ಬ್ಯಾಂಡಿನ ಮೇಲೆ ಹರಡಬೇಕೆಂದು ಅವರು ಬಯಸಿದ್ದರು.

ಶ್ರೋತೃ

ಎಲ್ಲರಿಗೂ ಧನ್ಯವಾದಗಳು. ಹಾಗಿದ್ದರೆ ಅವರ ರೀತಿಗೆ ಹತ್ತಿರವಾದ ವಾದನವನ್ನು ಈಗ ಎಲ್ಲಿ ಕೇಳಬಹುದು?

ಉತ್ತರ: ಕ್ಲಾರಿನೆಟ್

ಅವರು ಕಲಿತು, ಮುನ್ನಡೆಸಿದ ಮರೀನ್ ಬ್ಯಾಂಡೇ ಅವರ ಎಲ್ಲ ಮಾರ್ಚ್‌ಗಳನ್ನೂ ಕಾಲಾನುಕ್ರಮದಲ್ಲಿ ಧ್ವನಿಮುದ್ರಿಸಿ, ನಾನು ಮೇಲೆ ಹೇಳಿದಂಥ ಬದಲಾವಣೆಗಳನ್ನು ಗುರುತಿಸಿದ ಸ್ವರಲಿಪಿಗಳ ಸಮೇತ ತನ್ನ ಜಾಲತಾಣದಲ್ಲಿ ಉಚಿತವಾಗಿ ಒದಗಿಸಿದೆ. 1888ರ 'ಸೆಂಪರ್ ಫಿಡೆಲಿಸ್'ನಿಂದ ಆರಂಭಿಸಿ. ಅದರ ಮೂರನೆಯ ಭಾಗಕ್ಕೆ ಮೊದಲು ಬರುವ ಡ್ರಮ್ ವಾದನವನ್ನು ಗಮನಿಸಿ ಕೇಳಿ, ಅನಂತರ ಒಂದೊಂದೇ ವಾದ್ಯ ಬಂದು ಕೂಡಿಕೊಳ್ಳುವ ಬಗೆ ತಾನಾಗಿ ತಿಳಿಯುತ್ತದೆ.