ಮಳೆಯಲ್ಲಿ ಹ್ಯಾಂಡಲ್ ಗ್ರಿಪ್ ತಿರುಗುತ್ತಿದೆ, ಗಟ್ಟಿ ಕೂರಿಸೋದು ಹೇಗೆ?

ಪ್ರಶ್ನೆ

ನನ್ನದು ನೇರ ಹ್ಯಾಂಡಲ್ ಇರುವ ಹೈಬ್ರಿಡ್ ಸೈಕಲ್. ಕಳೆದ ತಿಂಗಳು ಹೊಸ ರಬ್ಬರ್ ಗ್ರಿಪ್ ಹಾಕಿದೆ. ತುಂಬಾ ಬಿಗಿ ಇತ್ತು, ಸೋಪು ನೀರು ಹಚ್ಚಿ ತಳ್ಳಿದೆ. ಬಿಸಿಲಲ್ಲಿ ಏನೂ ತೊಂದರೆ ಇಲ್ಲ. ಆದರೆ ಭಾನುವಾರ ನಂದಿ ಬೆಟ್ಟ ಇಳಿಯುವಾಗ ಮಳೆ ಹಿಡಿಯಿತು. ತಿರುವಿನಲ್ಲಿ ಬ್ರೇಕ್ ಹಿಡಿದಾಗ ಬಲಗಡೆ ಗ್ರಿಪ್ ಕೈಯಲ್ಲೇ ತಿರುಗಿಬಿಟ್ಟಿತು. ನಿಜಕ್ಕೂ ಹೆದರಿದೆ. ಫೆವಿಕ್ವಿಕ್ ಹಾಕಿಬಿಡಲಾ?

ಉತ್ತರ

ಬೀಳಲಿಲ್ಲವಲ್ಲ, ಅದೇ ಸಮಾಧಾನ. ಸರಿಪಡಿಸುವವರೆಗೆ ದಯವಿಟ್ಟು ಆ ಸೈಕಲ್ ಓಡಿಸಬೇಡಿ.

ತಪ್ಪು ಆಗಿರುವುದು ಸೋಪಿನಲ್ಲಿ. ನೀರು ಆರಿದರೂ ಸೋಪು ಒಳಗೇ ಉಳಿಯುತ್ತದೆ. ಮಳೆ ನೀರು ಸೇರಿದ ತಕ್ಷಣ ಮತ್ತೆ ಜಾರುತ್ತದೆ. ಕೊಬ್ಬರಿ ಎಣ್ಣೆ, ಗ್ರೀಸ್ ಇನ್ನೂ ಕೆಟ್ಟದ್ದು, ಅವು ಆರುವುದೇ ಇಲ್ಲ. ಗ್ರಿಪ್ ತೂರಿಸಲು ಹಚ್ಚಿದ್ದು ಆಮೇಲೆ ಪೂರ್ತಿ ಹಾರಿಹೋಗಬೇಕು, ಅಲ್ವಾ? ಅದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿಯೇ ಕೇಳಿ. ಸ್ಯಾನಿಟೈಸರ್ ಜೆಲ್ ಬೇಡ, ಅದರ ಅಂಟಂಟು ಉಳಿದುಬಿಡುತ್ತದೆ.

ಗ್ರಿಪ್ ಅಡಿಗೆ ಬಿದಿರು ಕಡ್ಡಿ ತೂರಿಸಿ, ಸ್ವಲ್ಪ ಆಲ್ಕೋಹಾಲ್ ಬಿಟ್ಟು ತಿರುಚಿ ಎಳೆಯಿರಿ. ಸ್ಕ್ರೂಡ್ರೈವರ್ ಹಾಕಿದರೆ ರಬ್ಬರ್ ಹರಿಯುತ್ತದೆ. ಬಿಚ್ಚಿದ ಗ್ರಿಪ್ ಒಳಭಾಗವನ್ನು ಬಿಸಿ ನೀರಿನಲ್ಲಿ ಸೋಪು ಹೋಗುವವರೆಗೂ ತೊಳೆದು ಪೂರ್ತಿ ಒಣಗಿಸಿ. ಹ್ಯಾಂಡಲನ್ನು ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಒರೆಸಬೇಕು, ಈ ಕೆಲಸದಲ್ಲಿ ಆತುರ ಬೇಡ. ಒಲೆ, ದೀಪ ಹತ್ತಿರ ಇರಬಾರದು, ಕಿಟಕಿ ತೆಗೆದಿರಿ.

ಆಮೇಲೆ ಗ್ರಿಪ್ ಒಳಗೆ ಸ್ವಲ್ಪ ಆಲ್ಕೋಹಾಲ್ ಬಿಟ್ಟು ಎಲ್ಲ ಕಡೆ ತಾಗುವಂತೆ ಆಡಿಸಿ, ಒಂದೇ ಸಲಕ್ಕೆ ಕೊನೆಯವರೆಗೂ ತಳ್ಳಿ. ಅರ್ಧದಲ್ಲಿ ನಿಲ್ಲಿಸಿದರೆ ಅಲ್ಲೇ ಹಿಡಿದುಕೊಳ್ಳುತ್ತದೆ. ಒಂದು ರಾತ್ರಿ ಮುಟ್ಟದೆ ಬಿಡಿ. ಮಳೆಗಾಲದ ತೇವದಲ್ಲಿ ಎರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಸುಮ್ನೆ ನೋಡೋಣ ಅಂತ ನಡುವೆ ತಿರುಗಿಸಬೇಡಿ.

ಫೆವಿಕ್ವಿಕ್ ಖಂಡಿತ ಬೇಡ. ಗ್ರಿಪ್ ಅರ್ಧ ಹೋಗುವಷ್ಟರಲ್ಲೇ ಗಟ್ಟಿಯಾಗಿಬಿಡುತ್ತದೆ, ಮುಂದೆ ಕತ್ತರಿಸಿಯೇ ತೆಗೆಯಬೇಕು.

ಇಷ್ಟಾದರೂ ತಿರುಗಿದರೆ ರಬ್ಬರ್ ಹಿಗ್ಗಿದೆ ಎಂದರ್ಥ. ಆಗ ಲಾಕ್-ಆನ್ ಗ್ರಿಪ್ ತೆಗೆದುಕೊಳ್ಳಿ. ಬೆಲೆ ಜಾಸ್ತಿ, ಆದರೆ ಅಲೆನ್ ಬೋಲ್ಟಿನಿಂದ ಬಿಗಿಯುವುದರಿಂದ ಮಳೆಗೂ ಜಾರುವುದಿಲ್ಲ. ನೇರ ಹ್ಯಾಂಡಲಿನಲ್ಲಿ ಗ್ರಿಪ್ ಕೂರುವ ಜಾಗದ ಹೊರ ವ್ಯಾಸ ಸಾಮಾನ್ಯವಾಗಿ 22.2 ಮಿ.ಮೀ. ಇರುತ್ತದೆ. ಬೋಲ್ಟ್ ಎಷ್ಟು ಬಿಗಿಯಬೇಕು ಎಂಬುದು ಗ್ರಿಪ್ ಮೇಲೆಯೇ ನ್ಯೂಟನ್ ಮೀಟರಿನಲ್ಲಿ ಬರೆದಿದ್ದರೆ ಅದನ್ನು ಮೀರಬೇಡಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್! ಬಿಚ್ಚಿ ನೋಡಿದರೆ ಒಳಗೆಲ್ಲ ಬಿಳಿ ಪದರ. ತೊಳೆದು, ನೀವು ಹೇಳಿದ ಹಾಗೇ ಹಾಕಿ ಎರಡು ದಿನ ಬಿಟ್ಟೆ. ನಿನ್ನೆ ಮಳೆಯಲ್ಲೇ ಬನಶಂಕರಿಯಿಂದ ಕಬ್ಬನ್ ಪಾರ್ಕಿಗೆ ಹೋಗಿ ಬಂದೆ, ಒಂದು ಚೂರೂ ಅಲುಗಲಿಲ್ಲ. ಎಡಗಡೆ ತುದಿಯ ಮುಚ್ಚಳ ಮಾತ್ರ ಕಳೆದಿದೆ. ಹಾಗೇ ಓಡಿಸಬಹುದಾ?

ಉತ್ತರ

ಬೇಡ. ಬಿದ್ದಾಗ ಆ ತೆರೆದ ಕೊಳವೆ ಹೊಟ್ಟೆಗೋ ತೊಡೆಗೋ ಹೊಕ್ಕುವ ಅಪಾಯ ಇದೆ. ಸೈಕಲ್ ಅಂಗಡಿಯಲ್ಲಿ ಬಾರ್ ಎಂಡ್ ಪ್ಲಗ್ ಅಂತ ಕೇಳಿ. ಮುಂದಿನ ರೈಡಿಗೆ ಮೊದಲೇ ಹಾಕಿಸಿ.