ಈಥರ್ನೆಟ್ ಫ್ರೇಮ್ 64 ಬೈಟ್‌ಗಿಂತ ಚಿಕ್ಕದಾಗಿರಬಾರದು ಏಕೆ?

ಪ್ರಶ್ನೆ:
ಹಲವು ಕಂಪ್ಯೂಟರುಗಳು ಒಂದೇ ಕೇಬಲ್ಲನ್ನು ಹಂಚಿಕೊಳ್ಳುತ್ತಿದ್ದ ಹಳೆಯ ಈಥರ್ನೆಟ್‌ನಲ್ಲಿ, ಪ್ರತಿಯೊಂದು ಯಂತ್ರವೂ ಮೊದಲು ತಂತಿಯನ್ನು ಆಲಿಸಿ, ಅದು ಖಾಲಿಯಿದ್ದರೆ ಮಾತ್ರ ಕಳುಹಿಸುತ್ತಿತ್ತು ಎಂದು ಓದಿದ್ದೇನೆ. ಹಾಗೆ ಆಲಿಸಿದ ಮೇಲೂ ಡಿಕ್ಕಿ ಹೇಗಾಗುತ್ತದೆ? ಕಳುಹಿಸಲು ಒಂದೇ ಬೈಟ್ ಇದ್ದರೂ ಫ್ರೇಮ್ (ಒಂದು ಸಲಕ್ಕೆ ಕಳುಹಿಸುವ ದತ್ತಾಂಶದ ಕಟ್ಟು) ಕನಿಷ್ಠ 64 ಬೈಟ್ ಇರಲೇಬೇಕೆಂಬ ನಿಯಮಕ್ಕೂ ಇದಕ್ಕೂ ಸಂಬಂಧವಿದೆಯಂತೆ. ಆ ಸಂಬಂಧ ನನಗೆ ಹೊಳೆಯುತ್ತಿಲ್ಲ.

ಉತ್ತರ 1:
ಸಂಕೇತವು ತಂತಿಯಲ್ಲಿ ಸಾಗಲು ಸ್ವಲ್ಪ ಹೊತ್ತು ಬೇಕು ಎಂಬುದೇ ಎರಡಕ್ಕೂ ಕಾರಣ. ಕೇಬಲ್ಲಿನ ಒಂದು ತುದಿಯಲ್ಲಿ ‘ಅ’, ಇನ್ನೊಂದು ತುದಿಯಲ್ಲಿ ‘ಬ’ ಇವೆ ಎಂದುಕೊಳ್ಳಿ. ‘ಅ’ ಕಳುಹಿಸಿದ ಮೊದಲ ಬಿಟ್ ಇನ್ನೇನು ತನ್ನನ್ನು ಮುಟ್ಟಬೇಕು ಎನ್ನುವಾಗ ‘ಬ’ ಆಲಿಸಿದರೆ, ಅದರ ಪಾಲಿಗೆ ತಂತಿ ಇನ್ನೂ ಖಾಲಿಯೇ. ಅದೂ ಕಳುಹಿಸತೊಡಗುತ್ತದೆ, ಮರುಕ್ಷಣವೇ ಡಿಕ್ಕಿಯಾಗುತ್ತದೆ. ‘ಬ’ಗೆ ಇದು ಕೂಡಲೇ ತಿಳಿದರೂ, ‘ಅ’ಗೆ ತಿಳಿಯಬೇಕಾದರೆ ಕೆಟ್ಟುಹೋದ ಸಂಕೇತವು ಇಡೀ ಕೇಬಲ್ಲನ್ನು ಹಿಂದಕ್ಕೆ ದಾಟಿ ಬರಬೇಕು. ಅಷ್ಟರೊಳಗೆ ‘ಅ’ ತನ್ನ ಫ್ರೇಮನ್ನು ಮುಗಿಸಿಬಿಟ್ಟಿದ್ದರೆ, ಅದು ಸರಿಯಾಗಿ ಹೋಯಿತೆಂದೇ ಭಾವಿಸಿ ಸುಮ್ಮನಾಗುತ್ತದೆ. ಆದ್ದರಿಂದ ಸಂಕೇತವು ಹೋಗಿ ಬರಲು ಬೇಕಾಗುವ ಗರಿಷ್ಠ ಅವಧಿಯವರೆಗೂ ‘ಅ’ ಕಳುಹಿಸುತ್ತಲೇ ಇರಬೇಕು. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಜಾಲಕ್ಕೆ ಈ ಅವಧಿಯನ್ನು 51.2 ಮೈಕ್ರೊಸೆಕೆಂಡ್ ಎಂದು ನಿಗದಿಪಡಿಸಿದರು. ಅಷ್ಟು ಹೊತ್ತಿನಲ್ಲಿ ಹೊರಡುವುದು 512 ಬಿಟ್, ಅಂದರೆ 64 ಬೈಟ್.

ಡಿಕ್ಕಿಯಾದದ್ದು ತಿಳಿದ ಯಂತ್ರವು ಡಿಕ್ಕಿಯಾಯಿತೆಂದು ಉಳಿದವಕ್ಕೂ ಖಚಿತವಾಗಿ ತಿಳಿಯಲೆಂದು 32 ಬಿಟ್‌ಗಳ ಜ್ಯಾಮ್ ಸಂಕೇತವನ್ನು ಕಳುಹಿಸಿ ನಿಲ್ಲುತ್ತದೆ. ಎರಡೂ ಸಮಾನ ಹೊತ್ತು ಕಾದರೆ ಮತ್ತೆ ಡಿಕ್ಕಿಯೇ ಆಗುವುದರಿಂದ, ಪ್ರತಿಯೊಂದೂ 0 ಅಥವಾ 1 ಎಂಬುದರಲ್ಲಿ ಒಂದನ್ನು ಮನಬಂದಂತೆ ಆರಿಸಿ, ಅಷ್ಟು ಸಲ 51.2 ಮೈಕ್ರೊಸೆಕೆಂಡ್ ಕಾಯುತ್ತದೆ. ಎರಡನೆಯ ಡಿಕ್ಕಿಗೆ ಆಯ್ಕೆ 0ಯಿಂದ 3ರವರೆಗೆ, ಮೂರನೆಯದಕ್ಕೆ 7ರವರೆಗೆ ಹಿಗ್ಗುತ್ತದೆ. ಹತ್ತನೆಯದರಲ್ಲಿ 1023ಕ್ಕೆ ನಿಲ್ಲುತ್ತದೆ, 16 ಪ್ರಯತ್ನಗಳೂ ವಿಫಲವಾದರೆ ಫ್ರೇಮನ್ನೇ ಕೈಬಿಡಲಾಗುತ್ತದೆ. ಎಷ್ಟು ಯಂತ್ರಗಳು ಕಾದು ನಿಂತಿವೆ ಎಂದು ಯಾರೂ ಎಣಿಸದಿದ್ದರೂ, ದಟ್ಟಣೆಗೆ ತಕ್ಕಂತೆ ಕಾಯುವಿಕೆ ತಾನಾಗಿಯೇ ಹೆಚ್ಚುವ ಈ ಉಪಾಯವೇ ಇಡೀ ವಿನ್ಯಾಸದಲ್ಲಿ ನನಗೆ ಅತ್ಯಂತ ಚೆಂದವೆನಿಸುತ್ತದೆ.

ಉತ್ತರ 2:
ಮೇಲಿನದೆಲ್ಲ ತಂತಿಗೆ ಸರಿ, ಆದರೆ ಅದನ್ನು ವೈಫೈಗೆ ಅನ್ವಯಿಸಬೇಡಿ. ಅಲ್ಲಿ ಕಳುಹಿಸುತ್ತಿರುವ ಸಾಧನಕ್ಕೆ ತನ್ನದೇ ಸಂಕೇತದ ಅಬ್ಬರದಲ್ಲಿ ಬೇರೆಯವರ ಕ್ಷೀಣ ಸಂಕೇತ ಕೇಳಿಸುವುದೇ ಇಲ್ಲ. ಸಾಲದ್ದಕ್ಕೆ, ಒಂದೇ ರೌಟರಿಗೆ ಕೇಳಿಸುವ ಎರಡು ಫೋನುಗಳು ಪರಸ್ಪರ ಕೇಳಿಸದಷ್ಟು ದೂರದಲ್ಲಿರಬಹುದು. ಹೀಗಾಗಿ ವೈಫೈ ಸಾಧನಗಳು ಕಳುಹಿಸುವ ಮೊದಲೇ ಯಾದೃಚ್ಛಿಕ ಅವಧಿ ಕಾಯುತ್ತವೆ, ಮತ್ತು ಫ್ರೇಮ್ ತಲುಪಿತೆಂಬ ಸ್ವೀಕೃತಿ ಬಾರದಿದ್ದರೆ ಫ್ರೇಮ್ ಹಾಳಾಯಿತೆಂದು ತಿಳಿದು ಮತ್ತೆ ಕಳುಹಿಸುತ್ತವೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಈ ಪ್ರಶ್ನೆ ಹುಟ್ಟಿದ್ದೇ ನಮ್ಮ ಸ್ವಿಚ್ಚಿನ (ಪ್ರತಿ ಯಂತ್ರವನ್ನೂ ಅದರದೇ ಕೇಬಲ್ಲಿನಿಂದ ಜೋಡಿಸುವ ಪೆಟ್ಟಿಗೆಯ) ಒಂದು ಪೋರ್ಟಿನಲ್ಲಿ ‘ಲೇಟ್ ಕೊಲಿಷನ್’ ಎಣಿಕೆ ಏರುತ್ತಿರುವುದನ್ನು ಕಂಡು. ಸ್ವಿಚ್ ಬಂದ ಮೇಲೆ ಡಿಕ್ಕಿಯೇ ಇರಬಾರದಲ್ಲವೇ?

ಉತ್ತರ 1:
ಫುಲ್ ಡ್ಯುಪ್ಲೆಕ್ಸ್‌ನಲ್ಲಿ ಇರಬಾರದು, ಏಕೆಂದರೆ ಅಲ್ಲಿ ಕಳುಹಿಸುವ ದಾರಿ ಬೇರೆ, ಪಡೆಯುವ ದಾರಿ ಬೇರೆ. ಮೊದಲ 64 ಬೈಟ್ ದಾಟಿದ ನಂತರ ಕಂಡ ಡಿಕ್ಕಿಗೆ ಲೇಟ್ ಕೊಲಿಷನ್ ಎನ್ನುತ್ತಾರೆ. ನಿಯಮದಂತೆ ನಡೆಯುವ ಜಾಲದಲ್ಲಿ ಅದು ಆಗುವಂತೆಯೇ ಇಲ್ಲ. ಬಹುಶಃ ಆಚೆ ತುದಿಯ ಸಾಧನದಲ್ಲಿ ಯಾರೋ ಫುಲ್ ಡ್ಯುಪ್ಲೆಕ್ಸ್ ಎಂದು ಕೈಯಾರೆ ನಿಗದಿ ಮಾಡಿದ್ದಾರೆ. ಸ್ವಿಚ್ ಮಾತ್ರ ಆಟೋದಲ್ಲಿದ್ದು (ಎರಡೂ ತುದಿಗಳು ಕೇಳಿಕೊಂಡು ವಿಧಾನವನ್ನು ತಾವೇ ಆರಿಸುವ ಸ್ಥಿತಿ), ಉತ್ತರ ಸಿಗದೆ ಹಾಫ್ ಡ್ಯುಪ್ಲೆಕ್ಸ್‌ಗೆ, ಅಂದರೆ ಒಂದು ಸಲಕ್ಕೆ ಒಂದೇ ಕಡೆಯಿಂದ ಕಳುಹಿಸುವ ವಿಧಾನಕ್ಕೆ, ಇಳಿದಿದೆ. ಆಚೆಯದು ಆಲಿಸದೆ ಯಾವಾಗೆಂದರೆ ಆವಾಗ ಕಳುಹಿಸುತ್ತದೆ, ಈಚೆಯದು ಅದನ್ನು ಡಿಕ್ಕಿ ಎಂದು ಎಣಿಸುತ್ತದೆ. ಆಚೆ ತುದಿಯಲ್ಲಿ ಸಿಆರ್‌ಸಿ ದೋಷಗಳೂ (ಕೆಟ್ಟು ಬಂದ ಫ್ರೇಮ್‌ಗಳ ಎಣಿಕೆ) ಏರುತ್ತಿದ್ದರೆ ಸಂಶಯವೇ ಬೇಡ. ಎರಡೂ ಕಡೆ ಆಟೋ ಇಟ್ಟು, ಎಣಿಕೆಯನ್ನು ಸೊನ್ನೆ ಮಾಡಿ ನೋಡಿ.